ವೀರಗಲ್ಲು ಮತ್ತು ಅದರ ಹೊಲ

ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಸೀಮೆಯಲ್ಲಿ ಕೆರೆ ಏರಿ, ಗುಡಿಯಂಗಳ, ಹೊಲದ ಬದುಗಳಲ್ಲಿ ವೀರಗಲ್ಲುಗಳು ಸಿಗುತ್ತವೆ. ಬಿ. ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ಇಂಥವು ಹಲವು. ಆಗ ಈ ತಾಲ್ಲೂಕುಗಳೆಲ್ಲ ಕೋಲಾರದೊಳಗಿದ್ದವು. ಇಲ್ಲಿ ಇಷ್ಟೊಂದು ವೀರಗಲ್ಲುಗಳಿರಲು ಕಾರಣ ಈ ನೆಲ ಇರುವ ಜಾಗ. ನಂದಿಬೆಟ್ಟದ ಒಡೆಯರೆಂದು ಬಿರುದು ಹೊತ್ತ ಗಂಗರು, ಹೇಮಾವತಿಯ ನೊಳಂಬರು, ಬಾಣರು, ವೈದುಂಬರು, ಕೊನೆಗೆ ಚೋಳರು ಇಲ್ಲಿ ಒಬ್ಬರ ಎಲ್ಲೆಯನ್ನೊಬ್ಬರು ಒತ್ತುತ್ತಲೇ ಇದ್ದರು. ಆದರೆ ಈ ಕಲ್ಲುಗಳು ನೆನೆಯುವ ಸತ್ತವರೆಲ್ಲ ಅರಸರ ದಂಡಿನವರಲ್ಲ. ತುರು ಹೊಡೆದೊಯ್ಯಲು ಬಂದವರನ್ನು ತಡೆದು ಬಿದ್ದ ಊರಿನವರೂ ಇದ್ದಾರೆ. ಅರಸರ ಚರಿತ್ರೆಗಳಲ್ಲಿ ಇವರಿಗೆ ಜಾಗವೇ ಇಲ್ಲ.

ವೀರಗಲ್ಲುಗಳನ್ನು ಬರೀ ಶೌರ್ಯದ ಸ್ಮಾರಕವೆಂದು ನೋಡಿದರೆ ಅರ್ಧ ವಿಷಯ ಕೈತಪ್ಪುತ್ತದೆ. ಮಡಿದವನ ಮನೆಯವರಿಗೆ ಬಿಟ್ಟ ನೆಲಕ್ಕೆ ಊರೆದುರು ನೆಟ್ಟ ದಾಖಲೆಯೂ ಅದೇ ಕಲ್ಲು. ಕಲ್ನಾಡು, ಬಾಳ್ಗಳ್ಚು, ನೆತ್ತರುಗೊಡಗೆ ಎಂದು ಶಾಸನಗಳು ಹೆಸರಿಸುವ ದತ್ತಿಗಳು ಇಂಥವೇ. ಸುಮಾರು 890ರ ಬೇಗೂರು ಕಲ್ಲನ್ನೇ ನೋಡಿ. ಅದೀಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಎರೆಯಪ್ಪ ಕಳುಹಿಸಿದ ನಾಗತ್ತರ ತುಂಬೆಪಾಡಿಯಲ್ಲಿ ವೀರಮಹೇಂದ್ರನ ಪಡೆಯೆದುರು ಕಾದಿ ಸತ್ತ. ಆನೆ, ಕುದುರೆ, ಬಿದ್ದ ಆಳುಗಳಿಂದ ಕಿಕ್ಕಿರಿದ ಆ ಕೆತ್ತನೆಗೆ ಯಾರಾದರೂ ಮಾರುಹೋಗುತ್ತಾರೆ. ಬರಹದ ಗಮನವಾದರೋ ಮುಂದಿನ ಏರ್ಪಾಟಿನ ಮೇಲಿದೆ: ನಾಗತ್ತರನ ಪಟ್ಟವನ್ನು ಇರುಗ ಎಂಬವನಿಗೆ ಕಟ್ಟಿ, ಬೆಂಪೂರು ಹನ್ನೆರಡು ಎಂಬ ಊರುಗಳ ಗುಂಪನ್ನು ಕಲ್ನಾಡಾಗಿ ಕೊಟ್ಟದ್ದು.

ವೀರಗಲ್ಲು ಪೂಜೆಯ ಕಲ್ಲಲ್ಲವೇ, ಕೆತ್ತನೆಯಲ್ಲಿ ಅಪ್ಸರೆಯರು ವೀರನನ್ನು ಒಯ್ಯುವುದೂ ಮೇಲಿನ ಲಿಂಗವೂ ಅದನ್ನೇ ಹೇಳುವುದಿಲ್ಲವೇ ಎಂದು ಕೇಳಬಹುದು. ಹೌದು, ಆದರೆ ಪೂಜೆಗೂ ನೆಲ ಬೇಕಿತ್ತು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು 10ನೆಯ ಶತಮಾನದ ನಡುವೆ ನೆಟ್ಟದ್ದು ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಗೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರ ಎಂಬ ವೀರ, ಗಂಗರ ಅರಸ ಬೂತುಗ ಮೆಚ್ಚಿ ಬೇಡಿಕೋ ಎಂದಾಗ ಕೇಳಿ ಪಡೆದ ನಾಯಿ ಅದು. ಆ ಕಲ್ಲಿಗೂ ಹೊಲ ಬಿಟ್ಟರು. ಪೂಜೆ ಮಾಡದೆ ಅದರ ಬೆಳೆ ಉಂಡವನಿಗೆ ನಾಯಿಯ ಪಾಪ ತಟ್ಟಲೆಂದು ಬರೆಸಿದರು. ಭಕ್ತಿಯನ್ನಷ್ಟೇ ನಂಬಿದವರು ಹೀಗೆ ಕಟ್ಟು ಹಾಕುತ್ತಿರಲಿಲ್ಲ.

ಅಕ್ಷರವೇ ಇಲ್ಲದ ಕಲ್ಲುಗಳ ಮಾತೇನು? ಈ ಆಕ್ಷೇಪಣೆಗೆ ತೂಕವಿದೆ. ಎಲ್ಲ ಕಲ್ಲಿಗೂ ದತ್ತಿ ಇತ್ತೆಂದು ನಾನು ವಾದಿಸುವುದಿಲ್ಲ. ಬಡ ಊರು ಕಲ್ಲನ್ನಷ್ಟೇ ಕೊಟ್ಟಿರಬಹುದು. ಆದರೂ ಹತ್ತು ಮನೆಯ ಊರಿನಲ್ಲಿ ಯಾರ ಹೊಲ ಯಾರಿಗೆ ಏಕೆ ಬಂತೆಂಬುದಕ್ಕೆ ಬರಹ ಬೇಕಾಗಿರಲಿಲ್ಲ, ಕಲ್ಲು ಅಲ್ಲೇ ನಿಂತಿದ್ದರೆ ಸಾಕಿತ್ತು. ಅದಕ್ಕೇ ರಸ್ತೆ ಅಗಲಿಸುವಾಗ ಕಿತ್ತು ಗುಡಿಯ ಗೋಡೆಗೆ ಒರಗಿಸಿಟ್ಟ ಬರಹವಿಲ್ಲದ ವೀರಗಲ್ಲು ಯಾವ ಎಲ್ಲೆಯದು, ಯಾವ ಮನೆಯದು ಎಂದು ಈಗ ಯಾವ ಶಾಸನತಜ್ಞರೂ ಹೇಳಲಾರರು.