‘ಟೀಮು’ ಎಂಬ ಶಬ್ದದ ಚರಿತ್ರೆ

ಇಂಗ್ಲಿಷಿನಿಂದ ನಮ್ಮ ನಿತ್ಯವ್ಯವಹಾರಕ್ಕೆ ಬಂದು, ಪರಕೀಯವೆಂದೇ ತೋರದಷ್ಟು ಬಳಕೆಯಾಗಿರುವ ಶಬ್ದಗಳಲ್ಲಿ ‘ಟೀಮು’ ಎಂಬುದೊಂದು. ಕ್ರಿಕೆಟ್ಟಿನ ಹನ್ನೊಂದು ಮಂದಿ ಆಟಗಾರರೂ ಒಂದು ಟೀಮು. ಶಸ್ತ್ರಚಿಕಿತ್ಸೆಗೆ ನಿಂತ ವೈದ್ಯರೂ ದಾದಿಯರೂ ಒಂದು ಟೀಮು. ಕಚೇರಿಯ ಒಂದು ಶಾಖೆಯವರೂ ಒಂದು ಟೀಮು. ಈ ಶಬ್ದವನ್ನು ಕೇಳಿದೊಡನೆ ಸ್ನೇಹ, ಸಮಾನತೆ, ಒಗ್ಗಟ್ಟು ಎಂಬ ಭಾವಗಳು ನಮ್ಮ ಮನಸ್ಸಿಗೆ ಹೊಳೆಯುವುವು. ಆದರೆ ಶಬ್ದವು ಹುಟ್ಟಿದಾಗ ಅದರಲ್ಲಿ ಈ ಭಾವಗಳು ಇದ್ದುವೆ? ಇದನ್ನು ವಿಚಾರಿಸುವುದು ಕೇವಲ ಪಂಡಿತರ ವಿನೋದವಲ್ಲ. ಕೂಡಿ ದುಡಿಯುವವರು ತಾವಾಗಿ ಕೂಡಿದವರೋ ಅಥವಾ ಬೇರೊಬ್ಬರಿಂದ ಕಟ್ಟಲ್ಪಟ್ಟವರೋ ಎಂಬ ಪ್ರಶ್ನೆಯು ಈ ಶಬ್ದದ ಚರಿತ್ರೆಯ ಉದ್ದಕ್ಕೂ ಬರುವುದು.

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ಮುಖ್ಯವಾಗಿ ಎರಡು ಅರ್ಥಗಳಿದ್ದುವು. ಒಂದು, ಸಂತಾನ ಅಥವಾ ಪೀಳಿಗೆ. ಮತ್ತೊಂದು, ಬಂಡಿಗಾಗಲಿ ನೇಗಿಲಿಗಾಗಲಿ ಒಟ್ಟಿಗೆ ಹೂಡಿದ ಪಶುಗಳ ಸಾಲು. ಎರಡಕ್ಕೂ ಮೂಲವಾದುದು ‘ಎಳೆ’, ‘ಮುಂದಕ್ಕೆ ನಡೆಸು’ ಎಂಬ ಅರ್ಥವುಳ್ಳ ಪ್ರಾಚೀನ ಧಾತುವೆಂದು ಭಾಷಾಶಾಸ್ತ್ರಜ್ಞರು ಹೇಳುವರು. ಜರ್ಮನ್ ಭಾಷೆಯಲ್ಲಿ ಕಡಿವಾಣಕ್ಕಿರುವ ‘ತ್ಸೌಮ್’ ಎಂಬ ಮಾತು ಇದಕ್ಕೆ ಸಹೋದರ. ನಡೆಸುವುದೆಂಬ ಅರ್ಥದ ‘ದೂಕೆರೆ’ ಎಂಬ ಲ್ಯಾಟಿನ್ ಕ್ರಿಯಾಪದವೂ ಅದೇ ಧಾತುವಿನದು. ಅದರ ಪರಿವಾರದಿಂದಲೇ ‘ಡ್ಯೂಕ್’ ಎಂಬ ಪದವಿಯ ಹೆಸರು ಬಂದಿತು. ಆದುದರಿಂದ ಟೀಮಿಗೂ ಡ್ಯೂಕನಿಗೂ ದೂರದ ಬಳಗವುಂಟು: ಒಂದು ನೊಗ ಹೊತ್ತವರ ಹೆಸರು, ಇನ್ನೊಂದು ಮುಂದೆ ನಿಂತು ನಡೆಸುವವನ ಹೆಸರು.

ಈ ನೊಗದ ಟೀಮು ಇಂಗ್ಲೆಂಡಿನ ಚರಿತ್ರೆಯಲ್ಲಿ ಎಷ್ಟು ಮುಖ್ಯವಾಗಿತ್ತೆಂಬುದಕ್ಕೆ 1086ರಲ್ಲಿ ರಾಜನಾದ ವಿಲಿಯಮನು ಮಾಡಿಸಿದ ‘ಡೂಮ್ಸ್‌ಡೇ’ ಎಂಬ ಗಣತಿಯೇ ಸಾಕ್ಷಿ. ಲ್ಯಾಟಿನ್ನಿನಲ್ಲಿ ಬರೆದ ಈ ದಫ್ತರದಲ್ಲಿ ಊರೂರಿನ ನೇಗಿಲ ಟೀಮುಗಳನ್ನು ಎಣಿಸಿದ್ದಾರೆ. ಒಂದು ಟೀಮಿಗೆ ಎಂಟು ಎತ್ತುಗಳೆಂಬುದು ಸಾಮಾನ್ಯ ಲೆಕ್ಕ. ಒಡೆಯನ ಸ್ವಂತ ಭೂಮಿಯ ಟೀಮುಗಳು ಇಷ್ಟು, ಒಕ್ಕಲುಗಳ ಟೀಮುಗಳು ಇಷ್ಟು ಎಂದು ಬೇರೆಬೇರೆಯಾಗಿ ಕಾಣಿಸಿರುವುದು ಗಮನಾರ್ಹ. ಬಡ ಒಕ್ಕಲಿಗನಿಗೆ ಎಂಟು ಎತ್ತುಗಳು ಎಲ್ಲಿಂದ ಬರಬೇಕು? ಒಬ್ಬನಲ್ಲಿ ಎರಡು, ಮತ್ತೊಬ್ಬನಲ್ಲಿ ಒಂದು ಹೀಗೆ ಇದ್ದುದನ್ನು ನೆರೆಹೊರೆಯವರು ಕೂಡಿಸಿ ಒಂದು ನೇಗಿಲು ಕಟ್ಟುತ್ತಿದ್ದರು. ಆ ನೇಗಿಲಿನಿಂದ ಎಲ್ಲರ ಹೊಲವೂ ಸರದಿಯಂತೆ ಉಳಲ್ಪಡುತ್ತಿತ್ತು. ಎತ್ತುಗಳಿಗೆ ಎರಡು ಕಡೆಯೂ ನೊಗ ಒಂದೇ. ಆದರೆ ಒಂದು ಕಡೆ ಒಡೆತನ ಕಟ್ಟಿದ ಕೂಟ. ಇನ್ನೊಂದು ಕಡೆ ಒಡಂಬಡಿಕೆ ಕಟ್ಟಿದ ಕೂಟ.

ಹದಿನಾರನೆಯ ಶತಮಾನದಿಂದೀಚೆಗೆ ಈ ಮಾತು ಕೂಡಿ ಕೆಲಸಮಾಡುವ ಮನುಷ್ಯರಿಗೂ ಅನ್ವಯಿಸತೊಡಗಿತು. ಆದರೂ ಪಶುವಿನ ನೆನಪು ಬೇಗನೆ ಅಳಿಯಲಿಲ್ಲ. ಅಮೆರಿಕದಲ್ಲಿ ಕುದುರೆಗಳ ಸಾಲನ್ನು ಹೊಡೆಯುವ ಗಾಡಿಯವನಿಗೆ ‘ಟೀಮ್‌ಸ್ಟರ್’ ಎಂದು ಹೆಸರು. ಈ ಗಾಡಿಯವರ ಕಾರ್ಮಿಕ ಸಂಘವು 1903ರಲ್ಲಿ ಸ್ಥಾಪಿತವಾಯಿತು. ಇಂದು ಅದರ ಸದಸ್ಯರಲ್ಲಿ ಲಾರಿ ಚಾಲಕರು ಬಹುಮಂದಿ ಇದ್ದಾರೆ. ಸಂಘದ ಹೆಸರೂ ಲಾಂಛನದಲ್ಲಿನ ಎರಡು ಕುದುರೆಗಳ ತಲೆಗಳೂ ಮಾತ್ರ ಹಾಗೆಯೇ ಉಳಿದಿವೆ.

ಇಪ್ಪತ್ತನೆಯ ಶತಮಾನದಲ್ಲಿ ಹಳೆಯ ಪ್ರಶ್ನೆಯು ಮತ್ತೆ ತಲೆಯೆತ್ತಿದುದು ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ. ಎರಿಕ್ ಟ್ರಿಸ್ಟ್ ಎಂಬ ಮನಶ್ಶಾಸ್ತ್ರಜ್ಞರೂ, ಹಿಂದೆ ತಾವೇ ಗಣಿಗೆಲಸಗಾರರಾಗಿದ್ದ ಕೆನ್ ಬ್ಯಾಂಫರ್ತ್ ಎಂಬುವರೂ 1951ರಲ್ಲಿ ಈ ವಿಷಯವಾಗಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಹಿಂದಿನ ಪದ್ಧತಿಯಲ್ಲಿ ಇಬ್ಬರು ಮೂವರು ಗಣಿಗಾರರು ಒಬ್ಬರನ್ನೊಬ್ಬರು ತಾವೇ ಆರಿಸಿಕೊಂಡು, ಆಡಳಿತದವರೊಡನೆ ಗುತ್ತಿಗೆ ಮಾಡಿಕೊಂಡು, ಅಗೆಯುವುದರಿಂದ ತುಂಬುವವರೆಗೆ ಇಡೀ ಕೆಲಸವನ್ನು ತಾವೇ ಮುಗಿಸುತ್ತಿದ್ದರು. ಯಂತ್ರಗಳು ಬಂದ ಬಳಿಕ ಸುಮಾರು 40–50 ಮಂದಿಯನ್ನು ಮೂರು ಪಾಳಿಗಳಿಗೆ ಹಂಚಿ, ಒಬ್ಬೊಬ್ಬನಿಗೆ ಒಂದೊಂದು ತುಣುಕು ಕೆಲಸವನ್ನು ಗೊತ್ತುಮಾಡಿದರು. ಯಂತ್ರವೇನೋ ಉತ್ತಮವಾಯಿತು. ಆದರೆ ಕತ್ತಲೆಯಲ್ಲಿ, ಅಪಾಯದ ನಡುವೆ, ಪಕ್ಕದವನನ್ನು ನಂಬಿ ದುಡಿಯುವ ಬಲವು ಕುಗ್ಗಿತು. ಒಂದು ಪಾಳಿಯವರು ಮತ್ತೊಂದು ಪಾಳಿಯವರನ್ನು ದೂರತೊಡಗಿದರು. ಕೆಲಸಕ್ಕೆ ಬಾರದೆ ಉಳಿಯುವುದೂ ಒಂದು ಕಷ್ಟವಾಯಿತು. ಜನರನ್ನು ಒಂದು ಪಟ್ಟಿಯಲ್ಲಿ ಸೇರಿಸಿದ ಮಾತ್ರಕ್ಕೆ ಕೂಟವಾಗದೆಂಬುದನ್ನು ಈ ಪ್ರಬಂಧವು ತೋರಿಸಿಕೊಟ್ಟಿತು.

ನಾವು ಕನ್ನಡದಲ್ಲಿ ಇದಕ್ಕೆ ‘ತಂಡ’ ಎನ್ನುತ್ತೇವೆ. ಆ ಮಾತಿನಲ್ಲಿ ನೊಗವೂ ಇಲ್ಲ, ಕಡಿವಾಣವೂ ಇಲ್ಲ. ಆದರೆ ವಸ್ತುವನ್ನು ಬಿಟ್ಟು ಹೆಸರನ್ನು ಮಾತ್ರ ಶುದ್ಧವಾಗಿಟ್ಟುಕೊಂಡರೆ ಪ್ರಯೋಜನವೇನು? ನಮ್ಮ ಹಳ್ಳಿಗಳ ಬೇಸಾಯದಲ್ಲಿ ‘ಮುಯ್ಯಾಳು’ ಎಂಬ ಪದ್ಧತಿಯುಂಟು. ಇಂದು ಒಂದು ಮನೆಯವರು ನೆರೆಯವರ ಹೊಲದಲ್ಲಿ ದುಡಿದರೆ, ನಾಳೆ ನೆರೆಯವರು ಇವರ ಹೊಲದಲ್ಲಿ ದುಡಿದು ಆ ಋಣವನ್ನು ತೀರಿಸುವರು. ಡೂಮ್ಸ್‌ಡೇ ಕಾಲದ ಒಕ್ಕಲುಗಳಿಗೂ ಗಣಿಯ ಆ ಹಳೆಯ ಜೊತೆಗಾರರಿಗೂ ಇದರ ಮರ್ಮವು ಚೆನ್ನಾಗಿ ತಿಳಿಯುತ್ತಿತ್ತು.

ಆದುದರಿಂದ ಕಾರ್ಖಾನೆಯಲ್ಲಾಗಲಿ ಕಚೇರಿಯಲ್ಲಾಗಲಿ ‘ನಾವೆಲ್ಲರೂ ಒಂದೇ ಟೀಮು’ ಎಂಬ ಘೋಷಣೆಯನ್ನು ಕೇಳಿದಾಗ ಶ್ರೋತೃಗಳು ಮೂರು ಪ್ರಶ್ನೆಗಳನ್ನು ಕೇಳಬಹುದು. ಜೊತೆಗಾರರನ್ನು ಆರಿಸುವುದರಲ್ಲಿ ಇವರಿಗೆ ಮಾತುಂಟೆ? ಕೆಲಸವನ್ನು ಹಂಚಿಕೊಳ್ಳುವ ಅಧಿಕಾರ ಇವರಿಗುಂಟೆ? ಬಂದ ಫಲದಲ್ಲಿ ಇವರಿಗೆ ಪಾಲುಂಟೆ? ಉಂಟೆಂಬ ಉತ್ತರ ಬಂದರೆ ಅದು ನೆರೆಯವರು ಕೂಡಿ ಕಟ್ಟಿದ ನೇಗಿಲು. ಇಲ್ಲವೆಂದಾದರೆ, ಶಬ್ದವು ತನ್ನ ಹಳೆಯ ಅರ್ಥವನ್ನು ಇನ್ನೂ ಮರೆತಿಲ್ಲವೆಂದೇ ನಾವು ತಿಳಿಯಬೇಕು.