ಅಹವಾಲಿನ ಭಾಷೆ, ನ್ಯಾಯಾಲಯದ ಬಾಗಿಲು: ರಾಯದುರ್ಗ–ಮಡಕಶಿರಾ ಗಡಿಯಿಂದ ಒಂದು ನೋಟ

ಬಂಧಿತನು ಹೇಬಿಯಸ್ ಕಾರ್ಪಸ್ ಅರ್ಜಿಯೊಡನೆ ನ್ಯಾಯಾಲಯಕ್ಕೆ ಬರುವ ಮುನ್ನ ಆಡಳಿತದ ಮುಂದಿರುವ ಪರಿಹಾರಗಳನ್ನೆಲ್ಲ ಮುಗಿಸಿರಬೇಕೆ? ಅಮೆರಿಕದಲ್ಲಿ ಇದಕ್ಕೆ ಉತ್ತರ ಬಹುಮಟ್ಟಿಗೆ ಹೌದು. ಕೇಂದ್ರ ಕಾರಾಗೃಹಗಳ ಕೈದಿಗಳು ಇಲಾಖೆಯ ಮೇಲ್ಮನವಿಗಳನ್ನು ಪೂರೈಸಿಯೇ ಬರಬೇಕೆಂದು ಅಲ್ಲಿನ ನ್ಯಾಯಾಲಯಗಳು ಸಾಮಾನ್ಯವಾಗಿ ಅಪೇಕ್ಷಿಸುತ್ತವೆ. ಭಾರತದಲ್ಲಿ ಈ ಪ್ರಶ್ನೆ ಬೇರೆ ಹಾದಿ ಹಿಡಿಯಿತು. ಆಂಧ್ರದೊಳಗಿನ ಕನ್ನಡ ಗಡಿಯಿಂದ ನೋಡಿದರೆ ಆ ಹಾದಿಯಲ್ಲಿ ಭಾಷೆಯ ಪಾತ್ರ ಸ್ಪಷ್ಟವಾಗುತ್ತದೆ.

ರಾಯದುರ್ಗ, ಮಡಕಶಿರಾಗಳು ದತ್ತಮಂಡಲದ ಭಾಗವಾಗಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. 1882ರಲ್ಲಿ ಅನಂತಪುರ ಜಿಲ್ಲೆ ಬಳ್ಳಾರಿಯಿಂದ ಬೇರ್ಪಟ್ಟಾಗ ಮಡಕಶಿರಾ ಹೊಸ ಜಿಲ್ಲೆಗೆ ಸಂದಿತು. ರಾಯದುರ್ಗ ಬಳ್ಳಾರಿಯಲ್ಲೇ ಉಳಿಯಿತು. 1819ರ ಮದ್ರಾಸಿನ 2ನೆಯ ರೆಗ್ಯುಲೇಶನ್ನಿನಂತೆ ಸರ್ಕಾರವು ವಿಚಾರಣೆಯಿಲ್ಲದೆ ರಾಜ್ಯಬಂದಿಗಳನ್ನು ಸೆರೆಯಲ್ಲಿಡಬಹುದಾಗಿತ್ತು. 1898ರ ದಂಡ ಪ್ರಕ್ರಿಯಾ ಸಂಹಿತೆಯ 491ನೆಯ ಕಲಮು ಹೇಬಿಯಸ್ ಕಾರ್ಪಸ್ ಸ್ವರೂಪದ ಆದೇಶಕ್ಕೆ ಅವಕಾಶ ಕೊಟ್ಟರೂ, ಅದರ 3ನೆಯ ಉಪಕಲಮು ಈ ರಾಜ್ಯಬಂದಿಗಳನ್ನು ಹೊರಗಿಟ್ಟಿತು. ಅಷ್ಟೇ ಅಲ್ಲ, 1923ರ ತಿದ್ದುಪಡಿಯವರೆಗೆ ಆ ಅಧಿಕಾರವು ಮದ್ರಾಸ್ ನಗರದ ಎಲ್ಲೆಯನ್ನು ದಾಟುತ್ತಿರಲಿಲ್ಲ. ಹೀಗಾಗಿ ಒಳನಾಡಿನ ರಾಜ್ಯಬಂದಿಗೆ ‘ಮೊದಲು ಅಹವಾಲು, ಆಮೇಲೆ ನ್ಯಾಯಾಲಯ’ ಎಂಬ ಕ್ರಮವೇ ಇರಲಿಲ್ಲ. ಅವನ ಪಾಲಿಗೆ ಅಹವಾಲೇ ಮೊದಲೂ ಕೊನೆಯೂ ಆಗಿತ್ತು.

1950ರ ಸಂವಿಧಾನ ಈ ಸ್ಥಿತಿಯನ್ನು ಬದಲಿಸಿತು. 22(5)ನೆಯ ವಿಧಿಯಂತೆ, ಮುನ್ನೆಚ್ಚರಿಕೆಯ ಬಂಧನಕ್ಕೆ ಗುರಿಯಾದವನಿಗೆ ಬಂಧನದ ಕಾರಣಗಳನ್ನು ಆದಷ್ಟು ಬೇಗ ತಿಳಿಸಬೇಕು. ಮನವಿ ಸಲ್ಲಿಸಲು ಅತಿ ಶೀಘ್ರ ಅವಕಾಶ ಕೊಡಬೇಕು. 32 ಮತ್ತು 226ನೆಯ ವಿಧಿಗಳು ನ್ಯಾಯಾಲಯದ ಬಾಗಿಲನ್ನು ನೇರವಾಗಿ ತೆರೆದವು. ಅದೇ ವರ್ಷ ಮದ್ರಾಸ್ ಸರ್ಕಾರದ ಬಂಧನದಲ್ಲಿದ್ದ ಎ.ಕೆ. ಗೋಪಾಲನ್ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಅರ್ಜಿ ವಜಾ ಆಯಿತು. ಆದರೆ ಬಂಧನದ ಕಾರಣಗಳನ್ನು ನ್ಯಾಯಾಲಯಕ್ಕೂ ತಿಳಿಸದಂತೆ ತಡೆದಿದ್ದ 14ನೆಯ ಕಲಮು ಅಸಿಂಧುವಾಯಿತು. ಪರ್ಯಾಯ ಪರಿಹಾರವನ್ನು ಮೊದಲು ಮುಗಿಸಬೇಕೆಂಬುದು ಔಚಿತ್ಯದ ನಿಯಮವೇ ಹೊರತು ಕಾನೂನಿನ ಕಟ್ಟಳೆಯಲ್ಲವೆಂದು 1957ರ ಮೊಹಮ್ಮದ್ ನೂಹ್ ತೀರ್ಪು ಹೇಳಿತು.

ಮನವಿ ಅರ್ಥಪೂರ್ಣವಾಗಬೇಕಾದರೆ ಕಾರಣಗಳು ಬಂಧಿತನಿಗೆ ಅರ್ಥವಾಗಬೇಕು. 1962ರ ಹರಿಕಿಶನ್ ಪ್ರಕರಣದ ತಿರುಳು ಇದೇ. ಇಂಗ್ಲಿಷ್ ಬಾರದ ಬಂಧಿತನು ಕಾರಣಗಳ ಹಿಂದಿ ಅನುವಾದ ಕೇಳಿದ್ದನು. ಪೊಲೀಸ್ ಅಧಿಕಾರಿ ಬಾಯಿಮಾತಿನಲ್ಲಿ ವಿವರಿಸಿದರೆ ಸಾಕೆಂದು ಸರ್ಕಾರ ವಾದಿಸಿತು. ಇಂಗ್ಲಿಷ್ ಆಡಳಿತಭಾಷೆಯೆಂಬ ನೆಪವನ್ನು ಸುಪ್ರೀಂ ಕೋರ್ಟು ಒಪ್ಪದೆ ಅವನನ್ನು ಬಿಡುಗಡೆ ಮಾಡಿತು.

ಈ ತೀರ್ಪಿನ ಬೆಲೆ ಗಡಿಯಲ್ಲಿ ಹೆಚ್ಚು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರೂಪುಗೊಂಡಾಗ ಆದವಾನಿ, ಆಲೂರುಗಳೊಡನೆ ರಾಯದುರ್ಗವೂ ಬಳ್ಳಾರಿಯಿಂದ ಕಳಚಿಕೊಂಡಿತು. ಉಚ್ಚ ನ್ಯಾಯಾಲಯ ಮದ್ರಾಸಿನಿಂದ 1954ರಲ್ಲಿ ಗುಂಟೂರಿಗೆ, 1956ರಲ್ಲಿ ಹೈದರಾಬಾದಿಗೆ, 2019ರಲ್ಲಿ ಅಮರಾವತಿಗೆ ಸರಿಯಿತು. ಊರು ಕದಲಲಿಲ್ಲ, ಆಡಳಿತದ ಭಾಷೆ ಬದಲಾಯಿತು, ನ್ಯಾಯಾಲಯ ಮತ್ತೆ ಮತ್ತೆ ಸ್ಥಳ ಬದಲಿಸಿತು. 348ನೆಯ ವಿಧಿಯಂತೆ ಉಚ್ಚ ನ್ಯಾಯಾಲಯದ ಭಾಷೆ ಮೂಲತಃ ಇಂಗ್ಲಿಷ್. ಆದರೆ 350ನೆಯ ವಿಧಿಯು, ಒಕ್ಕೂಟದಲ್ಲಿ ಇಲ್ಲವೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಡುತ್ತದೆ. ಮಡಕಶಿರಾದ ಕನ್ನಡಿಗ ತನ್ನ ನುಡಿಯಲ್ಲೇ ಹಕ್ಕಿನಿಂದ ಮಾತನಾಡಬಲ್ಲ ಘಟ್ಟವೆಂದರೆ ಈ ಆಡಳಿತದ ಘಟ್ಟವೇ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ಮಾತ್ರ ಆ ವಿಧಿ ಹೇಳುವುದಿಲ್ಲ.

ಎರಡು ದಾರಿಗಳೂ ಒಟ್ಟಿಗೆ ಮುಚ್ಚಿದ ಕಾಲವೂ ಇತ್ತು. ತುರ್ತುಪರಿಸ್ಥಿತಿಯಲ್ಲಿ ಮೀಸಾ ಕಾಯಿದೆಯ 16ಎ ಕಲಮು ಕಾರಣಗಳನ್ನು ತಿಳಿಸುವ ಹೊಣೆಯಿಂದ ಸರ್ಕಾರವನ್ನು ಬಿಡಿಸಿತು. ಬೆಂಗಳೂರಿನಲ್ಲಿ ಬಂಧಿತರಾದ ನಾಯಕರ ಅರ್ಜಿಗಳು ವಿಚಾರಣಾರ್ಹವೆಂದು ಕರ್ನಾಟಕ ಉಚ್ಚ ನ್ಯಾಯಾಲಯ ಹೇಳಿದರೂ, 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಆ ನಿಲುವನ್ನು ತಳ್ಳಿಹಾಕಿತು. ಈ ತೀರ್ಪು ರದ್ದಾದದ್ದು 2017ರ ಪುಟ್ಟಸ್ವಾಮಿ ಪ್ರಕರಣದಲ್ಲಿ.

ಆದ್ದರಿಂದ ಭಾರತದಲ್ಲಿ ಅಹವಾಲನ್ನು ನ್ಯಾಯಾಲಯಕ್ಕೆ ಏರುವ ಮೆಟ್ಟಿಲೆಂದು ಮಾತ್ರ ಕಾಣುವುದು ಸರಿಯಲ್ಲ. ಅದು ಸ್ವತಂತ್ರವಾದ ಹಕ್ಕು. ಅದನ್ನು ಪೂರೈಸದ ಬಂಧಿತನು ನ್ಯಾಯಾಲಯದ ಹಕ್ಕನ್ನು ಕಳೆದುಕೊಳ್ಳುವುದಿಲ್ಲ. ಅದಕ್ಕೆ ಅವನ ಭಾಷೆಯಲ್ಲಿ ಅವಕಾಶ ಕೊಡದ ಸರ್ಕಾರವು ಅವನನ್ನು ಸೆರೆಯಲ್ಲಿಡುವ ಅಧಿಕಾರವನ್ನೇ ಕಳೆದುಕೊಳ್ಳುತ್ತದೆ.