ಮಂಡಿಗೆಯ ಹೆಸರೂ ಮಂಡಿಗೆಯ ರುಚಿಯೂ

ಹಬ್ಬಹುಣ್ಣಿಮೆಗಳಲ್ಲಿಯೂ ಮದುವೆಮುಂಜಿಗಳಲ್ಲಿಯೂ ಬಡಿಸುವ ಭಕ್ಷ್ಯಗಳಲ್ಲಿ ಮಂಡಿಗೆಯಷ್ಟು ಹೆಸರು ಪಡೆದುದು ಮತ್ತೊಂದಿಲ್ಲ. ಅದರಷ್ಟು ಅಪರೂಪವಾಗಿ ಎಲೆಗೆ ಬೀಳುವುದೂ ಮತ್ತೊಂದಿಲ್ಲ. ಕಣ್ಣಿನಿಂದ ಅದನ್ನು ಕಾಣದವರು ಕೂಡ ಅದರ ಹೆಸರನ್ನು ಬಲ್ಲರು. ಆಗದ ಕಾರ್ಯವನ್ನು ಆದಂತೆಯೇ ಎಣಿಸಿ ಹಿಗ್ಗುವವನನ್ನು ಕಂಡು ಕನ್ನಡಿಗರು ‘ಮನಸ್ಸಿನಲ್ಲಿ ಮಂಡಿಗೆ ತಿನ್ನುತ್ತಾನೆ’ ಎಂದು ನಗುತ್ತಾರೆ. ಮರಾಠಿಗರೂ ಅಂತಹ ಸಂದರ್ಭದಲ್ಲಿ ‘ಮನಾತ್ ಮಾಂಡೆ ಖಾಣೆ’ ಎಂಬ ಮಾತನ್ನೇ ಆಡುತ್ತಾರೆ. ಬೀದರ, ಭಾಲ್ಕಿ, ಔರಾದ ಸೀಮೆಯಲ್ಲಿ ಈ ಎರಡು ಭಾಷೆಗಳೂ ಒಂದೇ ಅಂಗಳದಲ್ಲಿ ಆಡಿ ಬೆಳೆದವುಗಳಾದುದರಿಂದ, ಯಾರ ಮಾತನ್ನು ಯಾರು ಎರವಲು ಪಡೆದರೆಂಬ ವ್ಯಾಜ್ಯವನ್ನು ಇಲ್ಲಿ ಹೂಡುವುದು ಅನಾವಶ್ಯಕ. ಗಮನಿಸತಕ್ಕುದು ಇಷ್ಟೆ: ಕನಸಿನಲ್ಲಿ ಉಣ್ಣುವುದಕ್ಕೆ ಎರಡು ಜನವೂ ಲಾಡುವನ್ನಾಗಲಿ ಹೋಳಿಗೆಯನ್ನಾಗಲಿ ಆರಿಸಿಕೊಳ್ಳದೆ ಮಂಡಿಗೆಯನ್ನೇ ಆರಿಸಿಕೊಂಡಿವೆ. ಇಷ್ಟು ದೊಡ್ಡ ಹೆಸರಿಗೆ ಎಲೆಯ ಮೇಲಿನ ಮಂಡಿಗೆಯು ತಕ್ಕುದಾಗಿರುವುದೆ ಎಂಬ ಪ್ರಶ್ನೆಯನ್ನು ಬೀದರ ಜಿಲ್ಲೆಯವರು ಕೇಳುವುದಕ್ಕೆ ವಿಶೇಷವಾದ ಅಧಿಕಾರವುಂಟು. ಏಕೆಂದರೆ ಮಂಡಿಗೆಯನ್ನು ಮಾಡುವ ವಿಧಾನವು ಮೊದಲಿನಿಂದ ಕಡೆಯವರೆಗೆ ವಿವರವಾಗಿ ಬರೆಯಲ್ಪಟ್ಟಿರುವ ಹಳೆಯ ಗ್ರಂಥವೊಂದು ಈ ಜಿಲ್ಲೆಯ ನೆಲದಲ್ಲಿಯೇ ಹುಟ್ಟಿತು.

ಆ ಗ್ರಂಥವು ‘ಮಾನಸೋಲ್ಲಾಸ’ವು. ‘ಅಭಿಲಷಿತಾರ್ಥಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ಅದರ ಕರ್ತೃ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು. ಆರನೆಯ ವಿಕ್ರಮಾದಿತ್ಯನ ಮಗನಾದ ಈತನು 1126ರ ಸುಮಾರಿಗೆ ಪಟ್ಟವನ್ನೇರಿ 1138ರವರೆಗೆ ಆಳಿದನು. ಗ್ರಂಥದಲ್ಲಿ ಗ್ರಹಗಣಿತಕ್ಕಾಗಿ ಶಕ 1051ನ್ನು ಹಿಡಿದಿರುವುದರಿಂದ ಅದು ಕ್ರಿ.ಶ. 1129ರ ಸುಮಾರಿನದೆಂದು ತಿಳಿಯುತ್ತದೆ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು ಅದರಲ್ಲಿವೆ. ರಾಜ್ಯವನ್ನು ಪಡೆಯುವುದು, ಪಡೆದುದನ್ನು ಉಳಿಸುವುದು ಎಂಬ ಗಂಭೀರ ವಿಷಯಗಳನ್ನು ಮುಗಿಸಿ ಮೂರನೆಯ ವಿಂಶತಿಯಲ್ಲಿ ಅರಸನ ಉಪಭೋಗಗಳನ್ನು ಹೇಳುವಾಗ ‘ಅನ್ನಭೋಗ’ವು ಬರುತ್ತದೆ. ಬರೋಡದ ಗಾಯಕವಾಡ ಗ್ರಂಥಮಾಲೆಯಲ್ಲಿ ಈ ಭಾಗವು 1939ರಲ್ಲಿ ಅಚ್ಚಾಯಿತು. ಯುದ್ಧ, ಆನೆ, ರತ್ನ, ಸಂಗೀತ ಇವುಗಳಿಗೆ ಕೊಟ್ಟ ಶ್ರದ್ಧೆಯನ್ನೇ ಒಬ್ಬ ಚಕ್ರವರ್ತಿಯು ಒಲೆಗೂ ಕೊಟ್ಟನೆಂಬುದು ಕಲ್ಯಾಣದ ನಾಗರಿಕತೆಯ ಒಂದು ಲಕ್ಷಣ.

‘ಮಂಡಕ’ವೆಂದು ಅಲ್ಲಿ ಹೇಳಿರುವುದರ ಪಾಕಕ್ರಮವು ಹೀಗಿದೆ. ಗೋಧಿಯನ್ನು ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಬೀಸುವ ಕಲ್ಲಿನಲ್ಲಿ ನುಣ್ಣಗೆ ಬೀಸಿ, ತೌಡು ಹೋಗುವಂತೆ ಜರಡಿ ಹಿಡಿಯಬೇಕು. ಆ ಹಿಟ್ಟಿಗೆ ಸ್ವಲ್ಪ ತುಪ್ಪವನ್ನೂ ಉಪ್ಪನ್ನೂ ಸೇರಿಸಿ, ಹಾಲು ನೀರು ಬೆರಸಿ ಕಲಸಿ, ದೊಡ್ಡದಾದ ಮರದ ಮರಿಗೆಯಲ್ಲಿ ಹಾಕಿ ಅಂಗೈಯಿಂದ ಬಡಿಬಡಿದು ನಾದಬೇಕು. ಕಣಕವು ಜಿಗಿಯಾದ ಮೇಲೆ ಉಂಡೆಗಳನ್ನು ಕಟ್ಟಿ, ಜಿಡ್ಡು ಸವರಿದ ಕೈಗಳಿಂದ, ಅಕ್ಕಿಯ ಹಿಟ್ಟನ್ನು ತಾಗಿಸುತ್ತ, ಕೈಯಿಂದ ಕೈಗೆ ಆಡಿಸುತ್ತ ಅಗಲವಾಗಿ ಹರಡಬೇಕು. ಅದು ಬಿಳಿಯ ಪಟ್ಟೆಯ ಬಟ್ಟೆಯಂತೆ ತೆಳ್ಳಗಾದಾಗ ಕಾದ ಖರ್ಪರದ, ಎಂದರೆ ಮಣ್ಣಿನ ಬೋಗುಣಿಯ, ಮೇಲೆ ಹಾಕಿ, ಕಪ್ಪು ಹಿಡಿಯುವುದಕ್ಕೆ ಮೊದಲೇ ಚಟ್ಟನೆ ತೆಗೆದುಬಿಡಬೇಕು. ಚೆನ್ನಾಗಿ ಬೆಂದ ಮಂಡಕವನ್ನು ಗ್ರಂಥಕಾರನು ಚಂದ್ರಮಂಡಲಕ್ಕೆ ಹೋಲಿಸಿದ್ದಾನೆ.

ಇಲ್ಲಿ ಲಟ್ಟಣಿಗೆಯ ಮಾತಿಲ್ಲ. ಎಲ್ಲವೂ ಕೈಯ ಕೆಲಸವೇ. ನಾದಿದಷ್ಟೂ ಗೋಧಿಯ ಕಣಕಕ್ಕೆ ಎಳೆಯುವ ಗುಣ ಬರುತ್ತದೆಂಬುದನ್ನೂ, ಅಕ್ಕಿಹಿಟ್ಟು ತಾಗಿಸಿದರೆ ಅದು ಅಂಟದೆ ಜಾರುವುದೆಂಬುದನ್ನೂ ಕಲ್ಯಾಣದ ಬಾಣಸಿಗರು ಚೆನ್ನಾಗಿ ಅರಿತಿದ್ದರು. ಆದರೆ ಇಂದಿನ ಓದುಗನನ್ನು ಬೆರಗುಗೊಳಿಸಬೇಕಾದುದು ಬೇರೊಂದು ಸಂಗತಿ. ಈ ಪಾಕದಲ್ಲಿ ಸಕ್ಕರೆಯೂ ಇಲ್ಲ, ಬೆಲ್ಲವೂ ಇಲ್ಲ. ಇರುವುದು ಉಪ್ಪು! ಆ ಕಾಲದವರಿಗೆ ಸಕ್ಕರೆಯು ದುರ್ಲಭವಾಗಿತ್ತೆಂದು ಸಮಾಧಾನ ಹೇಳಿಕೊಳ್ಳುವಂತೆಯೂ ಇಲ್ಲ. ಅದೇ ಅನ್ನಭೋಗದಲ್ಲಿ ಹಾಲನ್ನು ಒಡೆಯಿಸಿ, ಅದರ ಗಟ್ಟಿಗೆ ಅಕ್ಕಿಹಿಟ್ಟು ಕೂಡಿಸಿ, ತುಪ್ಪದಲ್ಲಿ ಕರಿದು, ಸಕ್ಕರೆಯ ಪಾಕದಲ್ಲಿ ಅದ್ದುವ ‘ಕ್ಷೀರಪ್ರಕಾರ’ವೆಂಬ ಸಿಹಿಯು ಬಂದಿದೆ. ಸಕ್ಕರೆಯಿದ್ದೂ ಅರಸನು ಮಂಡಕಕ್ಕೆ ಅದನ್ನು ಹಾಕಿಸಲಿಲ್ಲ. ಮಂಡಕವು ಅವನ ಎಣಿಕೆಯಲ್ಲಿ ಸಿಹಿತಿಂಡಿಯಾಗಿರಲಿಲ್ಲ. ರೊಟ್ಟಿಯಾಗಿತ್ತು, ರೊಟ್ಟಿಗಳಲ್ಲೆಲ್ಲ ನಯವಾದ ರೊಟ್ಟಿ.

ಒಂದೇ ಗ್ರಂಥದ ಬಲದಿಂದ ಹೀಗೆನ್ನುವುದು ಸಾಹಸವೆಂದು ಯಾರಾದರೂ ಹೇಳಿಯಾರು. ಅದಕ್ಕೆ ಇನ್ನೊಂದು ಸಾಕ್ಷ್ಯವಿದೆ. ನಾಲ್ಕು ಶತಮಾನಗಳ ತರುವಾಯ, ಹದಿನಾರನೆಯ ಶತಮಾನದಲ್ಲಿ, ಭಾವಮಿಶ್ರನೆಂಬ ವೈದ್ಯನು ಬರೆದ ‘ಭಾವಪ್ರಕಾಶ’ವು ಉತ್ತರದೇಶದ ಗ್ರಂಥ. ಅದರಲ್ಲಿಯೂ ಮಂಡಕವಿದೆ. ಗೋಧಿಯ ನುಣ್ಣನೆಯ ಹಿಟ್ಟನ್ನು ನೀರಿನಿಂದ ಮೆತ್ತಗೆ ಕಲಸಿ, ಚೆನ್ನಾಗಿ ನಾದಿ, ಕೈಯಿಂದಲೇ ಹರಡಿ, ಬೋರಲಿಟ್ಟ ಗಡಿಗೆಯ ಹೊರಮೈಯ ಮೇಲೆ ಮೆಲುವಾದ ಬೆಂಕಿಯಿಂದ ಬೇಯಿಸಿದುದೇ ಮಂಡಕವೆಂದು ಅವನು ಹೇಳುತ್ತಾನೆ. ತಿನ್ನುವ ಕ್ರಮವನ್ನೂ ಹೇಳಿದ್ದಾನೆ: ತುಪ್ಪ ಸಕ್ಕರೆಗಳು ಕೂಡಿದ ಹಾಲಿನೊಡನೆ ತಿನ್ನಬಹುದು, ಬೇಯಿಸಿದ ಮಾಂಸದೊಡನೆ ತಿನ್ನಬಹುದು, ಮಜ್ಜಿಗೆಯಲ್ಲಿ ನೆನೆದ ವಡೆಯೊಡನೆಯೂ ತಿನ್ನಬಹುದು. ಮಾಂಸಕ್ಕೂ ಮಜ್ಜಿಗೆವಡೆಗೂ ಹೊಂದುವ ವಸ್ತುವು ತಾನೇ ಸಿಹಿಯಾಗಿರಲಾರದಷ್ಟೆ. ಸಿಹಿಯು ಮಂಡಕದ ಪಕ್ಕದಲ್ಲಿ ಬಟ್ಟಲಿನಲ್ಲಿರುತ್ತಿತ್ತು. ಮಂಡಕದ ಹೊಟ್ಟೆಯೊಳಗೆ ಇರುತ್ತಿರಲಿಲ್ಲ.

ಗಡಿಗೆಯನ್ನು ಬೋರಲಿಡುವುದರಲ್ಲಿಯೂ ಯುಕ್ತಿಯುಂಟು. ಮೊಳದಗಲದ ತೆಳುವಾದ ಹಾಳೆಯು ಸಮನಾದ ಹಂಚಿನ ಮೇಲೆ ಬಿದ್ದರೆ ಮಡಿಕೆಮಡಿಕೆಯಾಗಿ ಸುಕ್ಕುಗಟ್ಟುತ್ತದೆ. ಉಬ್ಬಿದ ಮೈಯ ಮೇಲೆ ಬಿದ್ದರೆ ತನ್ನ ಭಾರದಿಂದಲೇ ಇಳಿದು ಬಿಗಿಯಾಗಿ ಹೊದ್ದುಕೊಳ್ಳುತ್ತದೆ. ಮಣ್ಣು ಕಬ್ಬಿಣದಂತೆ ಒಂದೇ ಕಡೆ ಉರಿಯನ್ನು ಹಾಯಿಸುವುದಿಲ್ಲವಾದುದರಿಂದ ಹಾಳೆಯು ಸೀಯದೆ ಬೇಯುವುದು. ಆ ಪಾತ್ರೆಯಿಲ್ಲದೆ ಮಂಡಿಗೆಯಿಲ್ಲವೆಂಬುದಕ್ಕೆ ಮಹಾರಾಷ್ಟ್ರದ ಸಂತಕಥೆಯೊಂದು ಸಾಕ್ಷಿಯಾಗಿದೆ. ಜ್ಞಾನೇಶ್ವರನ ತಂಗಿ ಮುಕ್ತಾಬಾಯಿಯು ಮಾಂಡೆಗಳನ್ನು ಮಾಡಬೇಕೆಂದು ಮಣ್ಣಿನ ಪಾತ್ರೆಗಾಗಿ ಹೊರಟಳಂತೆ. ಆ ಅಣ್ಣತಂಗಿಯರನ್ನು ಕಂಡರಾಗದ ವಿಸೋಬನು ಪಾತ್ರೆಯನ್ನು ಕೊಡಕೂಡದೆಂದು ಕುಂಬಾರರನ್ನು ತಡೆದನಂತೆ. ಬರಿಗೈಯಲ್ಲಿ ಅಳುತ್ತ ಬಂದ ತಂಗಿಯನ್ನು ನೋಡಿ ಜ್ಞಾನೇಶ್ವರನು ಯೋಗಬಲದಿಂದ ತನ್ನ ಬೆನ್ನನ್ನೇ ಕಾಯಿಸಿಕೊಂಡು ಬಾಗಿ ನಿಂತನೆಂದೂ, ಅವಳು ಅದರ ಮೇಲೆಯೇ ಮಾಂಡೆಗಳನ್ನು ಬೇಯಿಸಿದಳೆಂದೂ ಕಥೆ ಹೇಳುತ್ತದೆ. ಪವಾಡವನ್ನು ನಂಬುವುದು ಬಿಡುವುದು ಅವರವರ ಭಾವಕ್ಕೆ ಸೇರಿದುದು. ಆದರೆ ಹಂಚಿನ ಮೇಲೆ ಮಾಡಿಕೊಂಡರಾಯಿತೆಂದು ಕಥೆಯಲ್ಲಿ ಯಾರೂ ಹೇಳಲಿಲ್ಲ; ಬೆನ್ನಿನಂತೆ ಉಬ್ಬಿದ ಮೈಯೇ ಬೇಕಾಯಿತು ಎಂಬುದು ಅಡಿಗೆಬಲ್ಲವರ ಗಮನಕ್ಕೆ ಬಾರದೆ ಇರದು.

ಬರಬರುತ್ತ ಬಟ್ಟಲಿನಲ್ಲಿದ್ದ ಸಿಹಿಯು ಕಣಕದೊಳಗೆ ಸೇರಿತು. ಖಾನದೇಶದಲ್ಲಿ ಕಡಲೆಬೇಳೆಯ ಹೂರಣವನ್ನು ತುಂಬಿ ಬೋರಲಿಟ್ಟ ಮಣ್ಣಿನ ಖಾಪರದ ಮೇಲೆ ಬೇಯಿಸುವರು. ಅದು ಮೆತ್ತಗೆ ಉಳಿಯುತ್ತದೆ. ಬೆಳಗಾವಿಯ ಕಡೆಯ ಮಂಡಿಗೆಯು ಬೇರೆ ಜಾತಿಯದು. ಮೈದಾ ಅಥವಾ ಚಿರೋಟಿ ರವೆಯ ಕಣಕದೊಳಗೆ ಪಿಠಿಸಕ್ಕರೆ, ತುಪ್ಪ, ಏಲಕ್ಕಿಗಳನ್ನು, ಕೆಲವರು ಖವೆಯನ್ನೂ, ಇಟ್ಟು ಲಟ್ಟಿಸಿ, ಮುಂಗೈಗಳ ಮೇಲೆ ಹಿಗ್ಗಿಸಿ, ಬೋರಲಿಟ್ಟ ಕಬ್ಬಿಣದ ಕಡಾಯಿಯ ಮೇಲೆ ಹಾಕಿ, ಬಿಸಿಯಿರುವಾಗಲೇ ಪತ್ರದಂತೆ ಮಡಿಚಿಡುವರು. ಆರಿದ ಕೂಡಲೆ ಅದು ಹಪ್ಪಳದಂತೆ ಗರಿಯಾಗುತ್ತದೆ. ನಾಲ್ಕಾರು ದಿನ ಕೆಡದೆ ನಿಲ್ಲುವುದರಿಂದ ಮದುವೆಯ ಮನೆಗಳಿಗೆ ಅನುಕೂಲ. ಅದಕ್ಕಾಗಿಯೇ ಪರಿಣತರಾದ ಅಡಿಗೆಯವರನ್ನು ಕರೆಯಿಸುವ ವಾಡಿಕೆಯೂ ಇದೆ. ಇತ್ತೀಚೆಗೆ ಪಟ್ಟಣಗಳ ಆಹಾರಮೇಳಗಳಲ್ಲಿ ಮಂಡಿಗೆಯ ಒಲೆಯ ಸುತ್ತ ಜನ ನೆರೆಯುವುದುಂಟು. ಮುಷ್ಟಿಯಷ್ಟು ಕಣಕವು ಕ್ಷಣಮಾತ್ರದಲ್ಲಿ ಮೊಣಕೈಯವರೆಗೆ ಹರಡಿಕೊಳ್ಳುವುದನ್ನು ನೋಡುವುದು ನಿಜವಾಗಿಯೂ ಕಣ್ಣಿಗೆ ಹಬ್ಬ.

ಹಾಗಾದರೆ ಹೆಸರಿಗೆ ತಕ್ಕ ರುಚಿಯಿದೆಯೆ? ಪಕ್ಷಪಾತವಿಲ್ಲದೆ ಹೇಳುವುದಾದರೆ, ಪೊಟ್ಟಣದಲ್ಲಿ ಮೂರು ದಿನವಿದ್ದು ಬಂದ ಮಂಡಿಗೆಯಲ್ಲಿ ಇಲ್ಲ. ಮುರಿದರೆ ಪುಡಿಯಾಗುತ್ತದೆ, ನಾಲಗೆಯ ಮೇಲೆ ಮೊದಲು ಸಕ್ಕರೆ, ಆಮೇಲೆಯೂ ಸಕ್ಕರೆ. ಅಷ್ಟು ತೆಳ್ಳಗೆ ಮಾಡಿದ ಕೈಯ ಶ್ರಮವೆಲ್ಲ ಆ ಸಿಹಿಯಲ್ಲಿ ಮುಳುಗಿಹೋಗುತ್ತದೆ. ಬಲ್ಲವರು ಅದನ್ನು ಹಾಲಿಗೆ ಮುರಿದು ಹಾಕಿ ತುಪ್ಪ ಬಿಟ್ಟುಕೊಂಡು ತಿನ್ನುವರು. ಆಗ ಅದು ಸೊಗಸಾಗುತ್ತದೆ. ಭಾವಮಿಶ್ರನು ಹೇಳಿದ ಮೊದಲನೆಯ ಕ್ರಮವೂ ಅದೇ ಎಂಬುದನ್ನು ಮರೆಯಕೂಡದು. ಒಲೆಯಿಂದ ನೇರವಾಗಿ ಎಲೆಗೆ ಇಳಿದ ಮಂಡಿಗೆಯ ಮಾತೇ ಬೇರೆ. ಅದರ ಮುಂದೆ ಆಕ್ಷೇಪಣೆಗೆ ಬಾಯಿ ಬಾರದು. ಆದರೆ ಗಾದೆಗೆ ಕಾರಣವಾದ ಆ ಬಿಳಿಯ ಪಟ್ಟೆಯಂತಹ ಉಪ್ಪಿನ ಮಂಡಕವು ಮೇಳದಲ್ಲಿಯೂ ಸಿಗದು, ಮಿಠಾಯಿಯಂಗಡಿಯಲ್ಲಿಯೂ ಸಿಗದು. ಹೆಸರನ್ನು ಗಳಿಸಿದುದು ಒಂದು, ಆ ಹೆಸರಿನಿಂದ ಮಾರಾಟವಾಗುತ್ತಿರುವುದು ಇನ್ನೊಂದು.

ಕಲ್ಯಾಣವು 1956ರವರೆಗೆ ಹೈದರಾಬಾದು ರಾಜ್ಯದಲ್ಲಿದ್ದು ಈಗ ಬಸವಕಲ್ಯಾಣವಾಗಿದೆ. ಬೀದರ ಕಡೆಯ ಮನ್ನಳ್ಳಿಯಿಂದ ಹಿಡಿದು ಭಾಲ್ಕಿ, ಔರಾದಗಳವರೆಗೆ ಹಬ್ಬದ ದಿನ ಎಲೆಯ ಮೇಲೆ ಬರುವುದು ಮಂಡಿಗೆಯಲ್ಲ, ಹೋಳಿಗೆ. ಕಡಲೆಬೇಳೆ, ಬೆಲ್ಲ, ಗೋಧಿಯ ಕಣಕ, ಮೇಲೆ ತುಪ್ಪ ಅಥವಾ ಹಾಲು, ಜೊತೆಗೆ ಬೇಳೆ ಬಸಿದ ಕಟ್ಟಿನ ಸಾರು. ಅದನ್ನು ಕುರಿತು ಗಾದೆ ಕಟ್ಟಿ ಯಾರೂ ಕನಸು ಕಾಣುವುದಿಲ್ಲ. ವರ್ಷಕ್ಕೆ ಹಲವು ಸಲ ತಿಂದೇ ತೀರುತ್ತಾರೆ. ‘ಪೋಲಿಕಾ’ ಎಂಬ ಹೆಸರಿನ ರೊಟ್ಟಿಯು ‘ಮಾನಸೋಲ್ಲಾಸ’ದಲ್ಲಿ ಮಂಡಕದ ಜೊತೆಗೇ ಬಂದಿದ್ದರೂ ಅರಸನ ಹೊಗಳಿಕೆಯಲ್ಲಿ ಚಂದ್ರಮಂಡಲವು ಮಂಡಕದ ಪಾಲಿಗೆ ಹೋಯಿತು. ಎಂಟುನೂರು ವರ್ಷಗಳ ಮೇಲೆ ಕಲ್ಯಾಣದ ಸುತ್ತಿನ ಮನೆಗಳಲ್ಲಿ ಪೋಳಿಯ ಬಳಗವೇ ಉಳಿದುಕೊಂಡಿದೆ.

ಚಕ್ರವರ್ತಿಯು ಉಂಡ ಮಂಡಕವನ್ನು ನೋಡಬೇಕೆನ್ನುವವರಿಗೆ ಇಂದಿಗೂ ಅಡ್ಡಿಯೇನಿಲ್ಲ. ಗೋಧಿ, ತುಪ್ಪ, ಉಪ್ಪು, ಹಾಲು, ಒಂದು ಹಿಡಿ ಅಕ್ಕಿಹಿಟ್ಟು, ಇವು ಎಲ್ಲರ ಮನೆಯಲ್ಲಿಯೂ ಇವೆ. ಖರ್ಪರವೊಂದನ್ನು ಮಾತ್ರ ಕುಂಬಾರನಿಗೆ ಹೇಳಿ ಮಾಡಿಸಬೇಕಾದೀತು.